ಒಂದು ಸಿಗರೇಟಿನಷ್ಟು ಹೊತ್ತು

ಫೆಬ್ರವರಿ 3, ಸೋಮವಾರ

ನಾನು ಹಳೇ ಕುರ್ಚಿಯ ಕಾಲು ನೋಡುವ ಹಾಗೆಯೇ ಡಾಕ್ಟರಮ್ಮ ಇವತ್ತು ನನ್ನ ಬಲಗಾಲು ನೋಡಿದಳು. ಒತ್ತಿದಳು, ಬಿಟ್ಟಳು, ತಲೆ ಓರೆ ಮಾಡಿದಳು. ಗಿರಾಕಿಯ ಎದುರು ನಾನು ಹಾಗೆ ತಲೆ ಓರೆ ಮಾಡಿದರೆ ‘ಉಳಿಸಬಹುದು, ಆದರೆ ಖಾತ್ರಿ ಕೊಡಲಾರೆ’ ಎಂದು ಅರ್ಥ. ಅವಳು ಹೇಳಿದ್ದೂ ಅದನ್ನೇ.

“ನಡೆಯುವಾಗ ಮೀನಖಂಡ ಹಿಡ್ಕೊಳ್ಳುತ್ತೆ, ನಿಂತ್ರೆ ಬಿಡುತ್ತೆ, ಅಲ್ವಾ?” ಎಂದಳು. ಹೌದು. ಕೆಲಸಕ್ಕೆ ಹೋಗುವ ದಾರಿಯಲ್ಲಿ ಅಂಚೆ ಡಬ್ಬಿಯ ಹತ್ತಿರ ಒಮ್ಮೆ ನಿಲ್ಲುತ್ತೇನೆ, ಬಲ್ಬು ಮಾರುವವನ ಅಂಗಡಿ ಮುಂದೆ ಒಮ್ಮೆ, ಶಾಲೆಯ ಗೋಡೆಗೆ ಒರಗಿ ಇನ್ನೊಮ್ಮೆ. ಸುಮ್ಮನೆ ನಿಂತರೆ ಜನ ಏನೆಂದುಕೊಂಡಾರು ಎಂದು ಒಂದು ಸಿಗರೇಟು ಹಚ್ಚುತ್ತೇನೆ. ಇದನ್ನು ಹೇಳಿದ್ದಕ್ಕೆ ಅವಳು ಪೆನ್ನು ಕೆಳಗಿಟ್ಟಳು.

“ಕಾಲಿಗೆ ರಕ್ತ ಹೋಗೋ ದಾರಿ ಮುಚ್ಚಿಕೊಳ್ತಾ ಇದೆ. ಸಿಗರೇಟು ಬಿಟ್ರೆ ಕಾಲು ನಿಮ್ಮದು. ಬಿಡದಿದ್ರೆ ಮೊದಲು ಬೆರಳು ತೆಗೀಬೇಕಾಗುತ್ತೆ. ಆಮೇಲಿಂದು ನಾನು ಹೇಳಬೇಕಾ?”

ಬೇಡ ಎಂದೆ.

ಪಕ್ಕದ ಕೋಣೆಯ ನರ್ಸಮ್ಮನ ಹತ್ತಿರ ಕಳಿಸಿದಳು. ದಪ್ಪ ಕನ್ನಡಕ, ನಿಧಾನದ ಮಾತು. “ಬಿಡೋಕೆ ಏನೇನು ಹೆದರಿಕೆ ಇದೆ, ಎಲ್ಲಾ ಹೇಳಿಬಿಡಿ” ಎಂದಳು. ಕೇಳಿದ್ದೇ ಸಾಕೆಂದು ಸುರಿದೆ. ದಪ್ಪಗಾಗುತ್ತೇನೆ. ಕೈ ನಡುಗುತ್ತದೆ, ಅದೂ ಉಳಿ ಹಿಡಿಯುವ ಕೈ. ಕಂಡಕಂಡವರ ಮೇಲೆ ಹರಿಹಾಯುತ್ತೇನೆ. ಅರವತ್ತರ ಹತ್ತಿರ ಬಂದವನು ಈಗ ಬಿಟ್ಟರೇನು, ಆಗಬೇಕಾದ್ದು ಆಗಿಹೋಗಿದೆ. ಹಿಂದೆಯೂ ಬಿಟ್ಟಿದ್ದೆ, ವಾರ ದಾಟಲಿಲ್ಲ. ಅವಳ ಹತ್ತಿರ ಎಲ್ಲಕ್ಕೂ ಉತ್ತರವಿತ್ತು. ದಪ್ಪಗಾದರೆ ಇಳಿಸಬಹುದಂತೆ, ಕಾಲು ಹೋದರೆ ತಿರುಗಿ ಬರುವುದಿಲ್ಲವಂತೆ. ನಡುಕ, ಸಿಟ್ಟು ಎರಡೂ ಬಂದ ದಾರಿಯಲ್ಲೇ ಹೋಗುತ್ತವಂತೆ. ಹಿಂದೆ ಬಿಟ್ಟು ಸೋತದ್ದು ಸೋಲಲ್ಲವಂತೆ, ಅಭ್ಯಾಸವಂತೆ. ಸಿಗರೇಟಿನ ಬದಲು ಜಗಿಯಲು ಗಮ್ಮು ಕೊಟ್ಟು, “ಇನ್ನೇನಾದ್ರೂ ಇದ್ಯಾ?” ಎಂದಳು. ಏನಿಲ್ಲ ಎಂದೆ.

ಇತ್ತು. ಪರರ ಮುಂದೆ ಹೇಗೆ ಹೇಳುವುದು? ಇಲ್ಲಿ ಬರೆಯುತ್ತೇನೆ, ಯಾರು ಓದುತ್ತಾರೆ. ಸಿಗರೇಟು ಬಿಟ್ಟರೆ ನನ್ನ ಜೊತೆ ಕೆಲಸ ಮಾಡುವ ವಾರ್ನಿಷ್ ನನ್ನನ್ನು ಕೈಬಿಟ್ಟು ಹೋಗುತ್ತಾನೆ. ಅವನೂ ಹೋದರೆ ನನಗೆ ಮಾತಾಡಲು ಈ ಊರಿನಲ್ಲಿ ಒಂದು ನರಪಿಳ್ಳೆಯೂ ಇಲ್ಲ.

ಫೆಬ್ರವರಿ 5, ಬುಧವಾರ

ಬಿಟ್ಟೆ. ಉಳಿದ ಪ್ಯಾಕೆಟ್ಟನ್ನು ನಲ್ಲಿಯ ಕೆಳಗೆ ಹಿಡಿದು ನೆನೆಸಿ ಬಿಸಾಕಿದೆ, ಇಲ್ಲದಿದ್ದರೆ ಕಸದ ಬುಟ್ಟಿಯಿಂದಲೂ ಹೆಕ್ಕಿ ಸೇದುವ ಆಸಾಮಿ ನಾನು.

ನಮ್ಮದು ಹಳೇ ಕುರ್ಚಿ ಮೇಜು ರಿಪೇರಿಯ ಕಾರ್ಖಾನೆ. ನನ್ನದು ಮರದ ಕೆಲಸ, ವಾರ್ನಿಷ್‌ದು ಪಾಲಿಶ್ ಕೆಲಸ. ಅವನ ಮೈಯೇ ಆ ವಾಸನೆಯಾದ್ದರಿಂದ ಹೆಸರು ಅದೇ ನಿಂತುಬಿಟ್ಟಿದೆ. ಒಳಗೆ ಸ್ಪಿರಿಟ್ಟಿನ ಡಬ್ಬಿಗಳು ಇರುವುದರಿಂದ ಬೆಂಕಿಕಡ್ಡಿ ಗೀರುವ ಹಾಗಿಲ್ಲ. ಹೀಗಾಗಿ ಬೆಳಿಗ್ಗೆ ಹತ್ತಕ್ಕೆ, ಸಂಜೆ ನಾಲ್ಕಕ್ಕೆ ನಾವಿಬ್ಬರೂ ಹಿಂಬಾಗಿಲ ಮೆಟ್ಟಿಲ ಮೇಲೆ ಕೂರುತ್ತೇವೆ. ಎದುರಿಗೆ ಒಂದು ಗೋಡೆ, ಅಷ್ಟೇ. ಗೋಡೆ ನೋಡುತ್ತ ಮಾತಾಡುತ್ತೇವೆ. ಇದು ನಡೆದು ಬಂದದ್ದು ಇಂದು ನಿನ್ನೆಯಿಂದಲ್ಲ, ಕಾರ್ಖಾನೆಯ ಯಜಮಾನಿಯ ತಂದೆ ಬದುಕಿದ್ದ ಕಾಲದಿಂದ.

ಹತ್ತಕ್ಕೆ ಅವನು ಎದ್ದು ನನ್ನ ಕಡೆ ನೋಡಿದ. “ಇನ್ಮೇಲೆ ನಾನು ಬರಲ್ಲ” ಎಂದೆ. ಕಾಲಿನ ವಿಷಯ ಹೇಳಿದೆ. ಬೆರಳಿನ ವಿಷಯವನ್ನೂ ಹೇಳಿದೆ. ಅವನು ನನ್ನ ಕಾಲನ್ನು ನೋಡಿ, “ಒಳ್ಳೇದಾಯ್ತು ಬಿಡು” ಎಂದು ಒಬ್ಬನೇ ಹೊರಗೆ ಹೋದ.

ಒಳ್ಳೇದಾಯ್ತು ಬಿಡು. ಅಷ್ಟೇ. ಇಷ್ಟು ವರ್ಷಗಳ ಮೇಲೆ ಅಷ್ಟೇ.

ಫೆಬ್ರವರಿ 8, ಶನಿವಾರ

ಗೂಡಂಗಡಿಯ ಮುಂದೆ ಬರಬಾರದೆಂದು ಸುತ್ತು ಹಾಕಿ ಬಂದೆ. ಸುತ್ತು ಬಳಸಿದ ಬೀದಿಯಲ್ಲಿ ಎರಡು ಗೂಡಂಗಡಿ ಇವೆ.

ತೂಗುಕುರ್ಚಿ ತಂದ ಮೇಡಂ ಒಬ್ಬರು “ಇದು ಯಾವಾಗ ಸಿಗುತ್ತೆ?” ಎಂದು ಮೂರು ಸಲ ಕೇಳಿದರು. ಮೂರನೆಯ ಸಲಕ್ಕೆ “ನೀವು ಮನೆಗೆ ಹೋದ ಮೇಲೆ” ಎಂದುಬಿಟ್ಟೆ. ಅವರು ಕುರ್ಚಿಯನ್ನು ವಾಪಸ್ಸು ಎತ್ತಿಸಿಕೊಂಡು ಹೋದರು. ಯಜಮಾನಿ ನನ್ನನ್ನು ಕರೆದು, “ಮೇಸ್ತ್ರಿ, ನಿಮ್ಮ ಬಾಯಿಗೆ ಹೊಗೆ ಇಲ್ಲ ಅಂತ ನನ್ನ ವ್ಯಾಪಾರಕ್ಕೆ ಹೊಗೆ ಹಾಕಬೇಡಿ” ಎಂದರು. ಅವರದು ತಮಾಷೆಯೇ, ಆದರೆ ಮುಖದಲ್ಲಿ ನಗು ಇರಲಿಲ್ಲ.

ಗಮ್ಮು ಮೆಣಸಿನ ಪುಡಿ ಹಾಕಿದ ರಬ್ಬರಿನ ಹಾಗಿದೆ.

ಫೆಬ್ರವರಿ 9, ಭಾನುವಾರ

ಅಕ್ಕನ ಫೋನು. ಅವಳಿರುವುದು ದೂರದೂರಿನಲ್ಲಿ. ಭಾನುವಾರಕ್ಕೊಮ್ಮೆ ಫೋನು ಮಾಡಿ ವಾರದ ಬುದ್ಧಿವಾದವನ್ನೆಲ್ಲ ಒಟ್ಟಿಗೆ ಹೇಳುತ್ತಾಳೆ.

“ಏನೋ ಜಗೀತಾ ಇದ್ದೀಯಲ್ಲೋ?”

“ಕಡಲೆಕಾಯಿ. ಸಿಗರೇಟು ಬಿಟ್ಟೆ.”

“ಸಿಗರೇಟಿನ ಬದಲು ಇದಾ? ಹೀಗೇ ತಿಂದ್ರೆ ಬಾಗಿಲು ಅಗಲ ಮಾಡಿಸಬೇಕಾಗುತ್ತೆ ಕಣೋ. ಅಲ್ವೋ, ಅಮ್ಮ ಅಷ್ಟು ಹೇಳಿದ್ರೂ ಬಿಡದವನು ಈಗ ಹೇಗೋ ಬಿಟ್ಟೆ?”

ಬೆರಳು ತೆಗೆಯುವ ಮಾತು ಅವಳಿಗೆ ಹೇಳಿಲ್ಲ. ಹೇಳಿದರೆ ಮುಂದಿನ ಬಸ್ಸು ಹತ್ತಿ ಬಂದು ಇಲ್ಲೇ ಠಿಕಾಣಿ ಹೂಡುತ್ತಾಳೆ. “ಸುಮ್ಮನೆ ಬಿಟ್ಟೆ” ಎಂದೆ. ಅವಳು ಬಹಳ ಹೊತ್ತು ಮಾತಾಡಿದಳು. ಇಟ್ಟ ಮೇಲೆ ಕೋಣೆ ಇನ್ನೂ ಖಾಲಿಯಾಯಿತು. ಮೊದಲಾದರೆ ಫೋನು ಇಟ್ಟ ತಕ್ಷಣ ಒಂದು ಹಚ್ಚಿ ಕಿಟಕಿಯ ಹತ್ತಿರ ನಿಲ್ಲುತ್ತಿದ್ದೆ, ಅದೂ ಒಂದು ಕೆಲಸದಂತೆ ಇರುತ್ತಿತ್ತು. ಈಗ ಕಿಟಕಿಯ ಹತ್ತಿರ ಹೋದರೆ ಕಿಟಕಿ ಮಾತ್ರ ಇದೆ.

ಫೆಬ್ರವರಿ 14, ಶುಕ್ರವಾರ

ವಾರ್ನಿಷ್ ಹಿಂಬಾಗಿಲಿಗೆ ಹೋಗುವುದನ್ನೇ ಬಿಟ್ಟಿದ್ದಾನೆ. ಮುಂದಿನ ಗೇಟಿನಾಚೆ, ಮರದ ಲೋಡು ತರುವ ಲಾರಿಯವನ ಜೊತೆ ನಿಲ್ಲುತ್ತಾನೆ. ಇವತ್ತು ಅವರಿಬ್ಬರೂ ಏನೋ ಹೇಳಿಕೊಂಡು ನಗುತ್ತಿದ್ದರು. ವಾರ್ನಿಷ್ ನಗುವುದೇ ಅಪರೂಪ. ನನ್ನ ಜೊತೆ ಎಂದಾದರೂ ಹಾಗೆ ನಕ್ಕಿದ್ದನೇ?

ನಾನು ಬೇಕೆಂದೇ ಗೇಟಿನವರೆಗೆ ಹೋದೆ. ನನ್ನನ್ನು ನೋಡಿದ್ದೇ ತಡ, ಅವನು ಇನ್ನೂ ಅರ್ಧವಿದ್ದ ಸಿಗರೇಟನ್ನು ಚಪ್ಪಲಿಯಡಿ ಹಾಕಿ ತುಳಿದು, “ಕೆಲಸ ಇದೆ” ಎಂದು ಒಳಗೆ ಹೊರಟ. ಅರ್ಧ ಸಿಗರೇಟು ಬಿಸಾಕುವ ಪ್ರಾಣಿಯೇ ಅಲ್ಲ ಅವನು. ನನ್ನ ಮುಖ ನೋಡುವುದೂ ಅವನಿಗೆ ಅಷ್ಟು ಬೇಡವಾಯಿತು.

ಹೊಗೆಯ ಸ್ನೇಹ ಹೊಗೆ ಇರುವತನಕ. ನನಗೆ ಗೊತ್ತಿತ್ತು.

ಫೆಬ್ರವರಿ 19, ಬುಧವಾರ

ನಡುಕ ನಿಂತಿದೆ. ಕೆಮ್ಮು ಜಾಸ್ತಿಯಾಗಿದೆ. ಬಿಟ್ಟ ಮೇಲೆ ಕೆಮ್ಮು ಬರುವುದು ಯಾವ ನ್ಯಾಯ? ನರ್ಸಮ್ಮನನ್ನು ಕೇಳಿದರೆ ಎದೆ ತನ್ನನ್ನು ತಾನೇ ಗುಡಿಸಿಕೊಳ್ಳುತ್ತಿದೆ ಎಂದಳು.

ವಕೀಲರ ಮನೆಯ ಆರು ಊಟದ ಕುರ್ಚಿಗಳಿಗೆ ಅಂಟು ಹಾಕಿದೆ. ನನ್ನ ಗುರು ಕಲಿಸಿದ ಕ್ರಮ ಇದು: ಬಿಸಿ ಅಂಟು ಹಚ್ಚು, ಸಂದು ಕೂರಿಸು, ಕ್ಲಾಂಪು ಬಿಗಿ, ಹೊರಗೆ ಹೋಗಿ ಒಂದು ಸಿಗರೇಟು ಸೇದಿ ಬಾ. ಅಷ್ಟು ಹೊತ್ತಿಗೆ ಸಂದಿನಿಂದ ಉಕ್ಕಿದ ಅಂಟು ಹಾಲಿನ ಕೆನೆಯಷ್ಟು ಗಟ್ಟಿಯಾಗಿರುತ್ತದೆ, ಉಳಿಯ ತುದಿಯಿಂದ ಎತ್ತಿದರೆ ಇಡಿಯಾಗಿ ಬರುತ್ತದೆ. ಬೇಗ ಬಂದರೆ ಹಸಿ ಇರುತ್ತದೆ, ತಡವಾದರೆ ಕಲ್ಲಾಗುತ್ತದೆ. ಗಡಿಯಾರ ನೋಡುವ ಪದ್ಧತಿಯೇ ನಮಗಿಲ್ಲ.

ಇವತ್ತು ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತೆ. ಕೈ ಎಲ್ಲಿಡಬೇಕೋ ತಿಳಿಯಲಿಲ್ಲ. ತೊಡೆಯ ಮೇಲಿಟ್ಟೆ, ಕಂಕುಳಲ್ಲಿಟ್ಟೆ. ಗೋಡೆಯನ್ನು ನೋಡಿದೆ. ಸಾಕಷ್ಟು ಹೊತ್ತಾಯಿತು ಎನಿಸಿ ಒಳಗೆ ಬಂದು ಬಟ್ಟೆಯಿಂದ ಒರೆಸಿ ಮುಗಿಸಿದೆ.

ಫೆಬ್ರವರಿ 21, ಶುಕ್ರವಾರ

ಸಾಕಷ್ಟು ಹೊತ್ತಾಗಿರಲಿಲ್ಲ.

ಹಸಿ ಅಂಟನ್ನು ಒರೆಸಿದರೆ ಅದು ಮರದ ಎಳೆಗಳೊಳಗೆ ಇಳಿದುಬಿಡುತ್ತದೆ. ಬರಿಗಣ್ಣಿಗೆ ಕಾಣುವುದಿಲ್ಲ. ಪಾಲಿಶ್ ಹಚ್ಚಿದ ಮೇಲೆ ಅಂಟು ಕುಡಿದ ಜಾಗದಲ್ಲಿ ಬಣ್ಣ ಹಿಡಿಯದೆ ಬಿಳಿ ಮಚ್ಚೆ ಏಳುತ್ತದೆ. ಇವತ್ತು ಆರು ಕುರ್ಚಿಗಳಿಗೂ ತೊನ್ನು ಬಂದ ಹಾಗಿತ್ತು.

ಯಜಮಾನಿ ಕೂಗಾಡಿದರು. ನಾನು ಬಾಯಿ ತೆರೆಯುವ ಮೊದಲೇ ವಾರ್ನಿಷ್, “ನಂದೇ ತಪ್ಪು. ಹಳೇ ಪಾಲಿಶ್ ಮಿಕ್ಕಿತ್ತು, ಅದನ್ನೇ ಹಾಕಿಬಿಟ್ಟೆ” ಎಂದ. ಯಜಮಾನಿ ಅವನಿಗೆ ಸರಿಯಾಗಿ ಅಂದರು. ಅವನು ತಲೆ ತಗ್ಗಿಸಿ ಅಷ್ಟನ್ನೂ ಕೇಳಿಸಿಕೊಂಡು, ಆರೂ ಕುರ್ಚಿಗಳ ಪಾಲಿಶನ್ನು ಕೆರೆಯಲು ಕೂತ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅನ್ನುತ್ತಾರೆ. ಇಲ್ಲಿ ಎಮ್ಮೆ ತಾನಾಗಿಯೇ ಬಂದು ಬೆನ್ನು ಕೊಟ್ಟಿತು.

ನನಗೆ ಸಿಟ್ಟೇ ಬಂತು. ಇವನ ಉಪಕಾರ ಯಾರಿಗೆ ಬೇಕಿತ್ತು? ಮಾತಾಡಲು ಬೇಡದವನಿಗೆ ಬೈಗುಳ ತಿನ್ನಲು ಮಾತ್ರ ನಾನು ಬೇಕೆ? ಅವನ ಹತ್ತಿರ ಹೋಗಿ, “ಯಾಕೆ ಸುಳ್ಳು ಹೇಳ್ದೆ?” ಎಂದೆ.

“ನಿನ್ನ ತಲೆ ಈಗ ನೆಟ್ಟಗಿಲ್ಲ. ಬೈಸಿಕೊಂಡ್ರೆ ಸೀದಾ ಗೂಡಂಗಡಿಗೆ ಹೋಗ್ತೀಯ” ಎಂದ, ಕೆರೆಯುವುದನ್ನು ನಿಲ್ಲಿಸದೆ.

ನನ್ನ ತಲೆ ನೆಟ್ಟಗಿಲ್ಲವಂತೆ. ಮಧ್ಯಾಹ್ನ ಯಜಮಾನಿಯ ಹತ್ತಿರ ಹೋಗಿ ತಪ್ಪು ನನ್ನದೆಂದು ಹೇಳಿದೆ. “ಗೊತ್ತು ಮೇಸ್ತ್ರಿ. ಅಂಟಿನ ಮಚ್ಚೆ ನನಗೆ ಗೊತ್ತಾಗಲ್ವಾ?” ಎಂದರು. ಮೇಜಿನ ಮೇಲಿದ್ದ ತಮ್ಮ ಪುಟ್ಟ ಗಡಿಯಾರವನ್ನು ನನ್ನ ಕಡೆ ತಳ್ಳಿದರು. ಬೇಡವೆಂದು ಎದ್ದು ಬಂದೆ.

ಮಾರ್ಚ್ 2, ಭಾನುವಾರ

ಅಕ್ಕ ಫೋನು ಮಾಡಲಿಲ್ಲ. ನಿನ್ನೆ ಸಂಜೆಯಿಂದ ಒಂದು ಮಾತೂ ಆಡಿಲ್ಲ ಎಂದು ಈಗ ಹೊಳೆಯಿತು. ದನಿ ಇದೆಯೋ ಇಲ್ಲವೋ ನೋಡಲು “ಏನಪ್ಪಾ” ಎಂದೆ. ಇದೆ.

ಮಾರ್ಚ್ 11, ಮಂಗಳವಾರ

ಸೇದಿದೆ.

ಬಿಡಿ ಸಿಗರೇಟು ಒಂದನ್ನು ಕೊಂಡು ಹಿಂಬಾಗಿಲ ಮೆಟ್ಟಿಲ ಮೇಲೆ ಕೂತು ಹಚ್ಚಿದೆ. ಎರಡೇ ದಮ್ಮಿಗೆ ತಲೆ ತಿರುಗಿತು. ಬಾಯೆಲ್ಲ ಸುಟ್ಟ ಬಟ್ಟೆಯ ರುಚಿ. ಇದಕ್ಕೇ ನಾನು ಇಷ್ಟು ದಿನ ಅಂಗಲಾಚಿದ್ದು? ಆದರೂ ಮುಗಿಸಿದೆ. ಸೇದುತ್ತ ಎಡಗಡೆಗೆ ತಿರುಗಿ ಏನೋ ಹೇಳಹೊರಟೆ. ಅಲ್ಲಿ ಯಾರಿದ್ದಾರೆ?

ಆಗ ಗೊತ್ತಾಯಿತು, ಇಷ್ಟು ದಿನ ನೆನೆಸಿಕೊಂಡು ಒದ್ದಾಡಿದ್ದು ಬರೀ ಹೊಗೆಗಲ್ಲ. ನೆನೆಸಿಕೊಂಡು ಅಳು ಬಂತು. ಹೊಗೆ ಕಣ್ಣಿಗೆ ಹೋಯಿತು ಎನ್ನಲು ಕೂಡ ಕೇಳುವವರಿರಲಿಲ್ಲ.

ಮಾರ್ಚ್ 12, ಬುಧವಾರ

ನರ್ಸಮ್ಮ ಬೈಯುತ್ತಾಳೆಂದು ಹೆದರಿಕೊಂಡೇ ಹೋದೆ. “ಒಂದು ಸೇದಿದ್ರಿ. ಎರಡನೇದು ಸೇದಿಲ್ವಲ್ಲ. ಬಿಟ್ಟಲ್ಲಿಂದ ಮುಂದುವರಿಸಿ” ಎಂದಳು. ಹಾಗೆಂದು ಒಂದೊಂದಾಗಿ ಸೇದಬಹುದೇ ಎಂದೆ. ಕನ್ನಡಕದ ಮೇಲಿಂದ ನೋಡಿದಳು. ಉತ್ತರ ಬೇಕಾಗಲಿಲ್ಲ.

ಬೇರೆ ಏನಾದರೂ ಹೆದರಿಕೆ ಉಳಿದಿದೆಯೇ ಎಂದು ಮತ್ತೆ ಕೇಳಿದಳು. ಈ ಸಲ ಹೇಳಿಬಿಟ್ಟೆ. ಒಬ್ಬ ಗೆಳೆಯ ಇದ್ದ, ಈಗ ಇಲ್ಲ, ಅಷ್ಟೇ ಎಂದೆ. ಅವಳು ಗಮ್ಮಿನ ಚೀಟಿ ಬರೆಯುವುದನ್ನು ನಿಲ್ಲಿಸಿ, “ಅವರನ್ನ ಕೇಳಿದ್ರಾ?” ಎಂದಳು.

ಏನಂತ ಕೇಳುವುದು? ಇಬ್ಬರು ಗಂಡಸರು, ಅದೂ ಈ ವಯಸ್ಸಿನಲ್ಲಿ.

ಮಾರ್ಚ್ 27, ಗುರುವಾರ

ಅಂಟು ಕಾಯಿಸುವಾಗ ವಾಂತಿ ಬಂದ ಹಾಗಾಯಿತು. ಈ ಅಂಟು ಇಷ್ಟು ನಾರುತ್ತದೆ ಎಂದು ಇಷ್ಟು ವರ್ಷ ಯಾರೂ ಹೇಳಲೇ ಇಲ್ಲವಲ್ಲ. ಹಲಗೆ ಕೊಯ್ದರೆ ಮಾತ್ರ ಬೇರೆಬೇರೆ ವಾಸನೆ. ಇವತ್ತು ಬಂದ ಹಳೇ ಕಪಾಟಿನ ಹಿಂಬದಿ ಹಲಗೆಗೆ ಕಿತ್ತಳೆ ಸಿಪ್ಪೆಯ ವಾಸನೆ ಇತ್ತು. ವಾರ್ನಿಷ್‌ಗೆ ತೋರಿಸಬೇಕೆಂದು ಒಂದು ಚೂರು ಎತ್ತಿಟ್ಟುಕೊಂಡೆ, ತೋರಿಸಲಿಲ್ಲ. ಅಂಟು ಈಗ ಬೆರಳಲ್ಲಿ ಮುಟ್ಟಿ ನೋಡಿ ಎತ್ತುತ್ತಿದ್ದೇನೆ. ಮಚ್ಚೆ ಬಿದ್ದಿಲ್ಲ.

ಬಲ್ಬಿನ ಅಂಗಡಿಯವನದು ಬೇರೆ ತಕರಾರು. ಬೆಳಿಗ್ಗೆ ಬೀದಿಯ ಮಧ್ಯೆ ಕೂಗಿ, “ಏನ್ ಸಾರ್, ಈಗೀಗ ನಮ್ಮ ಅಂಗಡಿ ಮುಂದೆ ನಿಲ್ಲೋದೇ ಇಲ್ಲ, ಕೋಪಾನಾ?” ಎಂದ. ಕೆಲಸಕ್ಕೆ ಹೊತ್ತಾಯಿತು ಮಾರಾಯ ಎಂದು ನಡೆದುಬಿಟ್ಟೆ. ಜನಕ್ಕೆ ನಿಂತರೂ ಕಷ್ಟ, ನಿಲ್ಲದಿದ್ದರೂ ಕಷ್ಟ.

ಏಪ್ರಿಲ್ 4, ಶುಕ್ರವಾರ

ಯಜಮಾನಿ ಈಗೀಗ ನಾಲ್ಕು ಗಂಟೆಗೆ ಚಹಾಕ್ಕೆ ಕರೆಯುತ್ತಾರೆ. ಅವರ ತಂದೆಯ ಕತೆ ಹೇಳುತ್ತಾರೆ, ನಾನು ಇಲ್ಲದ್ದನ್ನು ಸೇರಿಸುತ್ತೇನೆ. ಇವತ್ತು ಲೋಟ ಕೆಳಗಿಡುವಾಗ ಅವರೇ ಹೇಳಿದರು.

“ಮುಂದಿನ ವಾರದಿಂದ ವಾರ್ನಿಷ್ ರಸ್ತೆಯಾಚೆ ಶೆಡ್ಡಿಗೆ ಹೋಗ್ತಾರೆ. ಪಾಲಿಶ್ ಎಲ್ಲಾ ಅಲ್ಲೇ ಮಾಡ್ತಾರಂತೆ.”

“ನೀವು ಕಳಿಸ್ತಿದ್ದೀರಾ?”

“ಅವರೇ ಕೇಳಿಕೊಂಡ್ರು. ನಿಮಗೆ ಹೇಳಿರ್ತಾರೆ ಅಂದ್ಕೊಂಡೆ.”

ಹೇಳಿಲ್ಲ. ಒಂದೇ ಸೂರಿನಡಿ ಇರುವುದೂ ಬೇಡವಾಯಿತು ಅವನಿಗೆ. ಗೂಡಂಗಡಿಯ ಮುಂದೆಯೇ ಹಾದು ಮನೆಗೆ ಬಂದೆ, ಅದು ಬಂದದ್ದೂ ಹೋದದ್ದೂ ಗೊತ್ತಾಗಲಿಲ್ಲ. ಕೇಳುತ್ತೇನೆ. ನರ್ಸಮ್ಮ ಹೇಳಿದಳೆಂದಲ್ಲ, ಕೇಳಿಯೇಬಿಡುತ್ತೇನೆ. ಮನುಷ್ಯನಿಗೆ ಮುಖ ಕೊಟ್ಟು ಹೇಳುವಷ್ಟೂ ಯೋಗ್ಯತೆ ಇಲ್ಲವೇ?

ಏಪ್ರಿಲ್ 6, ಭಾನುವಾರ

ಅವನ ಮನೆ ರೈಲು ಹಳಿಯಾಚೆ, ದಿಬ್ಬದ ಮೇಲೆ ಎಂದಷ್ಟೇ ಗೊತ್ತಿತ್ತು. ಬಸ್ಸಿಗೆ ಕಾಯುವಷ್ಟು ತಾಳ್ಮೆ ಇರಲಿಲ್ಲ, ನಡೆದೇ ಹೊರಟೆ. ದಾರಿಯುದ್ದಕ್ಕೂ ಬೈಯಬೇಕಾದ ಮಾತುಗಳನ್ನು ಜೋಡಿಸಿಕೊಂಡೆ. ಸೇತುವೆ ದಾಟುವಾಗ ಒಂದು ಸರಿಯಾದ ಮಾತು ಹೊಳೆಯಿತು, ದಿಬ್ಬ ಹತ್ತುವಾಗ ಅದಕ್ಕಿಂತ ಖಾರದ್ದು. ಒಂದು ನಾಯಿ ಬೆನ್ನು ಬಿಡದೆ ಬೊಗಳುತ್ತ ಬಂತು, ಅದಕ್ಕೂ ಎರಡು ಬೈದೆ. ಪಾಲಿಶ್‌ನವರ ಮನೆ ಎಲ್ಲೆಂದು ಕೇಳಿದ್ದಕ್ಕೆ ಮುದುಕಿಯೊಬ್ಬಳು ನೀಲಿ ಬಾಗಿಲು ತೋರಿಸಿದಳು.

ಬಾಗಿಲು ತೆರೆದವಳು ಅವನ ಹೆಂಡತಿ. ನಾನು ಯಾರೆಂದು ಹೇಳಬೇಕೆನ್ನುವಷ್ಟರಲ್ಲಿ, “ಬನ್ನಿ ಅಣ್ಣಾ, ಕಾಲು ಹೇಗಿದೆ?” ಎಂದಳು.

“ನಾನು ಯಾರು ಅಂತ ಗೊತ್ತಾಯ್ತಾ?”

“ಗೊತ್ತಿಲ್ದೇ ಏನು. ಈ ಮನೇಲಿ ದಿನಾ ನಿಮ್ಮದೇ ಸುದ್ದಿ.”

ಕೂರಿಸಿದಳು. ಅಕ್ಕ ಚೆನ್ನಾಗಿದ್ದಾಳೆಯೇ ಎಂದು ಕೇಳಿದಳು. ನಾನು ರೇಡಿಯೋ ಹಾಕಿಕೊಂಡೇ ಮಲಗುವುದು ಅವಳಿಗೆ ಗೊತ್ತಿತ್ತು. ತಂದ ಚಹಾಕ್ಕೆ ಸಕ್ಕರೆ ಇರಲಿಲ್ಲ, ನಾನು ಸಕ್ಕರೆ ಹಾಕುವುದಿಲ್ಲ. ಒಳಗಿನಿಂದ ಒಬ್ಬ ಹುಡುಗಿ ಊರುಗೋಲು ಊರಿಕೊಂಡು ಬಂದು ನನ್ನನ್ನು ನೋಡಿ ನಕ್ಕು ಹೋದಳು. ವಾರ್ನಿಷ್‌ಗೆ ಮಗಳಿದ್ದಾಳೆಂದು ನನಗೆ ಗೊತ್ತಿತ್ತು. ಅವಳು ಹೀಗೆಂದು ಗೊತ್ತಿರಲಿಲ್ಲ. ಇಷ್ಟು ವರ್ಷ ಆ ಮೆಟ್ಟಿಲ ಮೇಲೆ ಮಾತಾಡಿದ್ದೆಲ್ಲ ನಾನೇ, ಅವನು ಕೇಳಿಸಿಕೊಂಡಿದ್ದ. ನಾಚಿಕೆಯಾಯಿತು. ಜೋಡಿಸಿಕೊಂಡು ಬಂದ ಬೈಗುಳಗಳಲ್ಲಿ ಒಂದೂ ನೆನಪಿಗೆ ಬರಲಿಲ್ಲ.

ವಾರ್ನಿಷ್ ಹಿತ್ತಿಲಿನಿಂದ ಬಂದ. ಅವನ ಬಟ್ಟೆಯ ಹೊಗೆ ವಾಸನೆ ನನಗೆ ಬಡಿಯಿತು, ಬಾಯಲ್ಲಿ ನೀರೂರಿತು. ನನ್ನನ್ನು ನೋಡಿ ಬಾಗಿಲಲ್ಲೇ ನಿಂತ.

“ಇಷ್ಟು ದೂರ ನಡ್ಕೊಂಡು ಬಂದ್ಯಾ?”

“ಶೆಡ್ಡಿಗೆ ಯಾಕೆ ಹೋಗ್ತಿದ್ದೀಯ?” ಎಂದೆ. “ನಾನೇನು ಮಾಡ್ದೆ ನಿನಗೆ? ಸಿಗರೇಟು ಬಿಟ್ರೆ ಮನುಷ್ಯ ಅಲ್ವಾ ನಾನು?”

ಅವನು ಎದುರಿನ ಮಣೆಯ ಮೇಲೆ ಕೂತ. ನಾವಿಬ್ಬರೂ ಎಂದೂ ಎದುರೆದುರು ಕೂತವರಲ್ಲ. ಅವನ ಎಡಗಣ್ಣಿನ ರೆಪ್ಪೆ ಸ್ವಲ್ಪ ಜೋತುಬಿದ್ದಿರುವುದನ್ನು ಇವತ್ತೇ ಕಂಡೆ.

“ನಿನ್ನ ಹತ್ತಿರ ಕೂತ್ರೆ ನೀನು ಕೇಳ್ತೀಯ” ಎಂದ.

“ಏನನ್ನ?”

“ಸಿಗರೇಟನ್ನ. ಒಂದಲ್ಲ ಒಂದು ದಿನ ಕೇಳ್ತೀಯ. ನೀನು ಕೇಳಿದ್ರೆ ನಾನು ಕೊಡ್ತೀನಿ. ನಿನಗೆ ಇಲ್ಲ ಅನ್ನೋಕೆ ನನಗೆ ಬರಲ್ಲ ಕಣಯ್ಯ. ಕೊಟ್ರೆ ನಿನ್ನ ಕಾಲು ಹೋಗುತ್ತೆ. ಹಿಂದಗಡೆ ಕೂತ್ರೆ ಹೊಗೆ ಒಳಗೆ ಬರುತ್ತೆ, ಮುಂದಗಡೆ ನಿಂತ್ರೆ ಅಲ್ಲಿಗೂ ಬಂದೆ. ಇನ್ನೆಲ್ಲಿಗೆ ಹೋಗಲಿ ನಾನು? ಬಿಡೋಣ ಅಂದ್ರೆ ನನ್ನ ಕೈಲಿ ಆಗ್ತಿಲ್ಲ. ಎರಡು ಸಲ ನೋಡ್ದೆ.”

ಹೆಂಡತಿ ಅಡುಗೆಮನೆಯಿಂದ, “ಎರಡಲ್ಲ, ಮೂರು” ಎಂದಳು.

ಲಾರಿಯವನು, ಅರ್ಧ ಸಿಗರೇಟು, ಆ ಆರು ಕುರ್ಚಿಗಳು, ಎಲ್ಲವೂ ನನ್ನ ತಲೆಯಲ್ಲಿ ತಿರುವುಮುರುವಾಗಿ ಬೇರೆಯೇ ಆದವು. ಆಮೇಲೆ ನನ್ನ ಬಾಯಿಂದ ಬಂದ ಮಾತು ನನಗೇ ಆಶ್ಚರ್ಯ.

“ಒಂದು ಕೊಡು” ಎಂದೆ.

ಪರೀಕ್ಷೆ ಮಾಡಲು ಕೇಳಿದೆನೋ, ನಿಜವಾಗಿಯೂ ಬೇಕಿತ್ತೋ, ಇದನ್ನು ಬರೆಯುವಾಗಲೂ ನನಗೆ ತಿಳಿಯದು. ಅವನ ಕೈ ತಾನಾಗಿಯೇ ಅಂಗಿಯ ಜೇಬಿಗೆ ಹೋಯಿತು. ಪ್ಯಾಕೆಟ್ಟಿನ ತುದಿ ಹೊರಗೆ ಬಂತು. ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ಅವನು ನನ್ನ ಮುಖ ನೋಡಿದ, ಕಾಲು ನೋಡಿದ, ಹಣೆಯ ಮೇಲೆ ಬೆವರು ಮೂಡಿತು.

“ಇಲ್ಲ” ಎಂದ. ಪ್ಯಾಕೆಟ್ಟನ್ನು ಮತ್ತೆ ಜೇಬಿಗೆ ತುರುಕಿದ. “ಕೊಡಲ್ಲ. ಬೈಕೋ, ಎದ್ದು ಹೋಗು, ಏನ್ ಬೇಕಾದ್ರೂ ಮಾಡ್ಕೋ. ಕೊಡಲ್ಲ.”

ಬೈಯಲಿಲ್ಲ. ಎದ್ದೂ ಹೋಗಲಿಲ್ಲ. ನನ್ನ ಕಣ್ಣು ತುಂಬಿ ಬಂತು, ಎದುರಿಗೇ ಕೂತಿದ್ದರಿಂದ ಮುಚ್ಚಿಕೊಳ್ಳಲು ಆಗಲಿಲ್ಲ.

“ಹಾಗಾದ್ರೆ ಶೆಡ್ಡು ಬೇಡ” ಎಂದೆ. “ಇಲ್ಲ ಅನ್ನೋಕೆ ಬಂತಲ್ಲ ನಿನಗೆ.”